ಅಪ್ಪನ ಕೋಲು ಕಸಿದಿಟ್ಟವಳು ನಾನೇ

ಅಪ್ಪ ಮರಿಯನ್ನು ಬೇರೆ ಕುರಿಯ ಕೆಚ್ಚಲಿಗೆ ಬಿಟ್ಟರು.

ಭಾತಂಬ್ರಾದಲ್ಲಿ ಚಿಕ್ಕಪ್ಪನ ದೊಡ್ಡಿ. ಮೇಯಲು ಹೋದ ಕುರಿಗಳು ಸಂಜೆ ತಿರುಗಿ ಬಂದಾಗ, ಒಂದೊಂದೇ ಮರಿಯನ್ನೆತ್ತಿ ಅದರದರ ತಾಯಿಗೆ ಒಪ್ಪಿಸುವುದು ನಮ್ಮವರ ಪದ್ಧತಿ. ನಲವತ್ತು ವರ್ಷ ಅಪ್ಪ ಒಮ್ಮೆಯೂ ತಪ್ಪಿದವರಲ್ಲ. ಆ ದಿನ ಕುರಿ ಹಾಯ್ದು ಮರಿಯನ್ನು ದೂಡಿತು. ಇನ್ನೊಂದಕ್ಕೆ ಬಿಟ್ಟರು. ಅದೂ ಹಾಯಿತು. ಎಲ್ಲರೂ ನಕ್ಕರು. ನಾನೂ ನಕ್ಕೆ, ನನ್ನ ಬಾಯಿಗೆ ಮಣ್ಣು ಬೀಳಲಿ.

ಭಾಲ್ಕಿಯಿಂದ ಔರಾದಿನ ತನಕ ಕುರಿಗಳ ಹಿಂದೆ ನಡೆದೇ ಬದುಕಿದ ಮನುಷ್ಯ. ನಲವತ್ತೆಂಟರ ಪೊಲೀಸ್ ಆಕ್ಷನ್‌ಗೆ ಮೊದಲಿನ ಗಲಾಟೆಯಲ್ಲಿ ದಾರಿಗಳು ಕೆಟ್ಟವು. ಕುರಿಗಳನ್ನು ಚಿಕ್ಕಪ್ಪನಿಗೆ ಒಪ್ಪಿಸಿ, ಅಪ್ಪನನ್ನು ಬೀದರಿಗೆ, ಮೈಲೂರಿನ ನನ್ನ ಮನೆಗೆ ಕರೆತಂದೆ. ಮಿಲಿಟರಿ ಬಂತು, ಗಲಾಟೆ ಅಡಗಿತು. ಅಪ್ಪ ಕೋಲು ಹಿಡಿದು ಎದ್ದರು.

"ಸುಮ್ಕ ಕೂಡಪ್ಪ. ತಿರುಗಿದ್ದು ಸಾಲಲಿಲ್ಲೇನು? ಮಂದಿ ನನಗ ಏನಂತಾರ?"

ಕೋಲು ಕಸಿದು ಅಟ್ಟದ ಮೇಲಿಟ್ಟೆ. ಮಗಳೆಂದರೆ ಹೀಗಿರಬೇಕು ಎಂದು ಓಣಿಯವರು ಹೊಗಳಿದರು. ನಾನು ಉಬ್ಬಿದೆ. ಎರಡು ವರ್ಷ ಅಪ್ಪ ಹೊರಸು ಬಿಟ್ಟು ಇಳಿದದ್ದೇ ಕಡಿಮೆ. ಆಮೇಲೆ ಒಮ್ಮೆ ಚಿಕ್ಕಪ್ಪನ ದೊಡ್ಡಿಗೆ ಕರೆದೊಯ್ದೆ.

ಆ ಮರಿಯ ಸಂಜೆಯ ನಂತರ ಉಂಡದ್ದು ಮರೆತರು. ಆಮೇಲೆ ಓಣಿ. ಆಮೇಲೆ ಮೊಮ್ಮಕ್ಕಳ ಹೆಸರು. ಕೂತಲ್ಲೇ ಅಳುತ್ತಿದ್ದರು, ಯಾಕೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಸಾಹೇಬರು ಬ್ಲಡ್ ಪ್ರೆಶರ್ ನೋಡಿದರು, ಎಲ್ಲ ಕೇಳಿಕೊಂಡರು.

"ಕೂಡ್ಸಿದ್ದು ಯಾಕ್ರೀ ಅಮ್ಮಾ? ನಡಿಯೋ ಮನುಷ್ಯಾಗ ನಡಿಗೀನೇ ದವಾ. ತಲಿಗೂ ಅದೇ ದವಾ."

"ಈಗ ನಡಸಿದ್ರ ನೆನಪು ತಿರುಗಿ ಬರ್ತದೇನ್ರಿ?"

"ಹೋಗಿದ್ದು ಬರೋದು ಕಷ್ಟ ಅದರಿ. ಇದ್ದದ್ದು ಇನ್ನೊಂದಿಷ್ಟು ದಿನ ಉಳೀಬಹುದು. ಕೂಡ್ಸಿದ್ದಕ್ಕೇ ಹೀಂಗಾತು ಅಂತ ನಾ ಹೇಳಂಗಿಲ್ಲ."

ಅವರು ಹೇಳಲಿಲ್ಲ. ನಾನೇ ನನಗೆ ದಿನಾಲೂ ಹೇಳಿಕೊಳ್ಳುತ್ತೇನೆ.

ಕೋಲು ಇಳಿಸಿ ಕೊಟ್ಟೆ. ಈಗ ದಿನಾ ಬೆಳಿಗ್ಗೆ ಬಗದಲ್ ದಾರಿ ಹಿಡಿಯುತ್ತೇವೆ. ಅವರು ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಒಂದು ಹೆಸರೂ ತಿರುಗಿ ಬಂದಿಲ್ಲ. ಆದರೆ ಅಳು ನಿಂತಿದೆ, ರೊಟ್ಟಿ ಕೇಳಿ ತಿನ್ನುತ್ತಾರೆ. ಅಷ್ಟಕ್ಕೇ ದೇವರಿಗೆ ಕೈ ಮುಗಿಯುತ್ತೇನೆ.

ನಿನ್ನೆ ಬೇವಿನ ಮರದ ಕೆಳಗೆ ನಿಂತು ನನ್ನ ಮುಖವನ್ನೇ ನೋಡಿದರು.

"ನೀ ಯಾರ ಮಗಳವ್ವಾ?"

ನಾನು ಅತ್ತುಬಿಟ್ಟೆ. "ನಿನ್ನ ಮಗಳಪ್ಪಾ."

ನಂಬಲಿಲ್ಲ. ಮೆಲ್ಲಗೆ ನನ್ನ ಕೈ ಹಿಡಿದರು. "ಅಳಬ್ಯಾಡ. ನಡಿ, ನಿಮ್ಮವ್ವನ ಬಲ್ಲಿ ಬಿಟ್ಟು ಬರ್ತೇನಿ."

ಅವ್ವ ತೀರಿ ಹನ್ನೊಂದು ವರ್ಷವಾಯಿತು. ನಾನು ಅವರ ಕೈ ಹಿಡಿದು ನಡೆದೆ.