ಅಕ್ಕಿಯಲ್ಲಿ ಬರೆದ ಹೆಸರು

ನೇಪಾಳಕ್ಕೆ ಹೋಗಲು ನಮ್ಮ ದೇಶದವರಿಗೆ ವೀಸಾ ಬೇಡ ಎಂಬುದು ಪುಣೆಯ ಸದಾಶಿವ ಪೇಠದ ನಮ್ಮ ಭಜನಾ ಮಂಡಳಿಯ ಹೆಂಗಸರಿಗೆಲ್ಲ ಗೊತ್ತಿತ್ತು. ಹಾಗಾಗಿ ಅತ್ತೆಯವರು ಗಂಡಕಿ ಸ್ನಾನದ ಆಸೆಯನ್ನು ಬಾಯಿಬಿಟ್ಟು ಹೇಳಿದಾಗ ನಾನು ಕೂಡಲೇ ಹೂಂ ಅಂದೆ. ನಮ್ಮ ದೇವರ ಪೆಟ್ಟಿಗೆಯ ಸಾಲಿಗ್ರಾಮಗಳು ಆ ನದಿಯಿಂದ ಬಂದವು. ಅವುಗಳ ತೀರ್ಥ ತೆಗೆದುಕೊಳ್ಳದೆ ಅತ್ತೆಯವರು ಎಂದೂ ಊಟಕ್ಕೆ ಕೂತವರಲ್ಲ. ಕೈಕಾಲು ಆಡುವಾಗಲೇ ಒಮ್ಮೆ ಆ ನೀರಿಗೆ ಇಳಿಯಬೇಕು, ಅವರಿಗೆ ಉಳಿದದ್ದು ಅದೊಂದೇ. ಮೊಣಕಾಲು ನೋವಿನಿಂದ ನನ್ನ ಕೈ ಹಿಡಿಯದೆ ಬಚ್ಚಲಿಗೂ ಹೋಗಲಾರರು. ನಾನು ಜೊತೆಗೆ ಹೋಗುವುದು ಯಾರೂ ಕೇಳದೆಯೇ ತೀರ್ಮಾನವಾಗಿತ್ತು.

ಪ್ರವಾಸದ ಏರ್ಪಾಡು ಮಾಡಿದವನು ನನ್ನ ಆಧಾರ್ ಕಾರ್ಡ್ ನೋಡಿ ಟಿಕೆಟ್ ತೆಗೆಸಿದ. ನೇಪಾಳದ ವಿಮಾನಕ್ಕೆ ಆಧಾರ್ ನಡೆಯುವುದಿಲ್ಲ, ವೋಟರ್ ಕಾರ್ಡ್ ಇಟ್ಟುಕೊಳ್ಳಿ ಎಂದೂ ಹೇಳಿದ. ನಾನು ಎರಡನ್ನೂ ದೇವರ ಮುಂದಿಟ್ಟು ಕೈಮುಗಿದು ಚೀಲಕ್ಕೆ ಹಾಕಿದೆ. ಪಕ್ಕಪಕ್ಕ ಇಟ್ಟು ಓದಲಿಲ್ಲ. ಓದಿದ್ದರೂ ಏನೂ ಅನ್ನಿಸುತ್ತಿರಲಿಲ್ಲವೇನೋ. ಎರಡೂ ನನ್ನ ಹೆಸರುಗಳೇ.

ನಮ್ಮಲ್ಲಿ ಮದುವೆಯ ದಿನ ಸೊಸೆಯ ಹೆಸರು ಬದಲಾಗುತ್ತದೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ನನ್ನದನ್ನು ಆರಿಸಿದವರು ಅತ್ತೆಯವರು; ಅದು ಅವರ ತಾಯಿಯ ಹೆಸರು. ರೇಷನ್ ಕಾರ್ಡಿಗೆ, ಅಲ್ಲಿಂದ ಆಧಾರ್‌ಗೆ ಆ ಹೆಸರೇ ಹತ್ತಿತು. ವೋಟರ್ ಕಾರ್ಡ್ ಮಾಡಿಸುವಾಗ ಶಾಲೆಯ ದಾಖಲೆ ಕೊಟ್ಟಿದ್ದೆವು. ಅದರಲ್ಲಿ ಅಪ್ಪ ಇಟ್ಟ ಹೆಸರು.

ಪುಣೆ ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಎರಡು ಕಾರ್ಡುಗಳನ್ನೂ ತಿರುಗಿಸಿ ತಿರುಗಿಸಿ ನೋಡಿದಳು. "ಕಾಕೂ, ಹ್ಯಾ ದೋನ್ ವೇಗಳ್ಯಾ ಬಾಯಕಾ ಆಹೇತ್" ಅಂದಳು. ಇವರು ಇಬ್ಬರು ಬೇರೆ ಬೇರೆ ಹೆಂಗಸರು! ವೋಟರ್ ಕಾರ್ಡ್ ನಡೆಯುತ್ತದೆ, ಆದರೆ ಟಿಕೆಟ್ಟಿನ ಹೆಸರು ಅದರಲ್ಲಿಲ್ಲ. ಟಿಕೆಟ್ಟಿನ ಹೆಸರಿರುವ ಆಧಾರ್ ನಡೆಯುವುದಿಲ್ಲ. ಅತ್ತೆಯವರದ್ದು ಮಾತ್ರ ಸರಿಯಾಗಿತ್ತು: ಅರವತ್ತೈದು ದಾಟಿದವರಿಗೆ ಆಧಾರ್ ಸಾಕಂತೆ.

"ಏನ ಅಂತಾಳ ಈಕಿ?" ಗಾಲಿಕುರ್ಚಿಯಲ್ಲಿದ್ದ ಅತ್ತೆಯವರು ಕೇಳಿದರು.

"ನೀವು ಹೋಗಬಹುದಂತ್ರಿ, ನಾ ಹೋಗೂಹಂಗಿಲ್ಲಂತ."

"ಮೀಚ್ ಠೇವ್ಲಂ ಹೇ ನಾವ್!" ಈ ಹೆಸರು ಇಟ್ಟವಳೇ ನಾನು ಎಂದು ಅವರು ಆ ಹುಡುಗಿಗೆ ಮರಾಠಿಯಲ್ಲಿ ಗದರಿದರು. ಆಮೇಲೆ ನನ್ನತ್ತ ತಿರುಗಿ, "ಹೆಸರು ಇಟ್ಟಾಕಿ ಇಲ್ಲೇ ಕೂತೀನಿ, ಇನ್ಯಾವ ಸಾಕ್ಷಿ ಬೇಕಂತ ಕೇಳ ಆಕಿನ್ನ" ಅಂದರು.

ಪಾಪ, ಆ ಹುಡುಗಿ ನಗಲಿಲ್ಲ. ಮೇಲಿನವರನ್ನು ಕರೆಸಿದಳು. ಪ್ರವಾಸದವನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಹೆಸರು ತಿದ್ದಲು ಈಗ ಬರುವುದಿಲ್ಲ ಅಂದರು. ಗಾಜಿನ ಬಾಗಿಲಿನ ಆಚೆ ನಿಂತ ನನ್ನ ಗಂಡ ಕೈಸನ್ನೆಯಲ್ಲಿ ಏನಾಯಿತು ಎಂದು ಕೇಳುತ್ತಿದ್ದರು. ಸನ್ನೆಯಲ್ಲಿ ಅದನ್ನು ಹೇಗೆ ಹೇಳಲಿ?

"ಅತ್ತ್ಯಾರನ್ನ ನಾವು ನೋಡ್ಕೋತೀವ್ರಿ" ಎಂದಳು ನಮ್ಮ ಜೊತೆಗೇ ಹೊರಟಿದ್ದ ಮಂಡಳಿಯ ಗೆಳತಿ. ಅತ್ತೆಯವರು ನನ್ನ ಮುಖ ನೋಡಿದರು. ಬೇಡ ಅನ್ನುತ್ತಾರೆ ಎಂದುಕೊಂಡೆ. ಅನ್ನಲಿಲ್ಲ. ಅನ್ನಬಾರದು ಎಂದೇ ನಾನೂ ಬೇಡಿಕೊಳ್ಳುತ್ತಿದ್ದೆ. ಮುಂದಿನ ವರ್ಷ ಹೋದರಾಯಿತು ಅನ್ನಲು ಆ ಮೊಣಕಾಲು ಕೇಳಬೇಕಲ್ಲ.

"ಹೋಗಿ ಬರ್ತೀನಿ" ಅಂದರು. ಗಾಲಿಕುರ್ಚಿ ಹೊರಟಿತು. ತಳ್ಳುವವನು ಮೆಲ್ಲಗೆ ತಳ್ಳುತ್ತಿದ್ದ, ಅದೊಂದು ದೇವರ ದಯೆ. ನನಗೂ ಯಾರೋ ಕೂರಲು ಜಾಗ ಕೊಟ್ಟರು, ಅದೂ ಒಂದು.

ಮನೆಗೆ ಬಂದು ಚೀಲ ಬಿಚ್ಚಿದರೆ ಅತ್ತೆಯವರ ಉಣ್ಣೆಯ ಕಾಲುಚೀಲ, ಮೊಣಕಾಲಿಗೆ ಹಚ್ಚುವ ಎಣ್ಣೆ. ಹಾಕುವವಳು, ಹಚ್ಚುವವಳು ನಾನೇ ಎಂದು ನನ್ನ ಚೀಲದಲ್ಲೇ ಇಟ್ಟುಕೊಂಡಿದ್ದೆ. ಅಲ್ಲಿಗೆ ಕಳಿಸುವ ದಾರಿ ಇಲ್ಲ. ದೇವರ ಮುಂದೆ ದೀಪ ಹಚ್ಚಿ ಕೂತೆ. ಏನು ಬೇಡಬೇಕೆಂದು ತಿಳಿಯಲಿಲ್ಲ, ಅಲ್ಲಿ ಬಿಸಿಲು ಬೀಳಲಿ ಎಂದಷ್ಟೇ ಬೇಡಿದೆ.

ಗೆಳತಿಯ ಫೋನಿನಿಂದ ಅತ್ತೆಯವರ ದನಿ ಕೇಳುವವರೆಗೆ ನನಗೆ ಊಟ ಸೇರಲಿಲ್ಲ.

"ಸ್ನಾನ ಆತು. ಇಬ್ಬರು ರಟ್ಟಿ ಹಿಡಿದಿದ್ರು. ನಿನ್ನ ಹೆಸರಲೇನೂ ಒಂದು ಮುಳುಗು ಹಾಕೀನಿ."

"ಯಾವ ಹೆಸರಲೆರಿ?"

"ನಿಮ್ಮಪ್ಪ ಇಟ್ಟದ್ದು. ಇನ್ನೊಂದು ನಮ್ಮವ್ವಂದು, ಪುಣ್ಯ ಎಲ್ಲಾ ಆಕೀನ ಬಳಕೊಂಡು ಹೋಗ್ತಾಳ."

ನಗು ಬಂತು, ಅಳುವೂ ಬಂತು. ಕಾಲು ತಣ್ಣಗಾಗಿವೆಯೇ ಎಂದು ಕೇಳಿದೆ.

"ಭಾಳ" ಅಂದರು. "ಕಾಲುಚೀಲ ಎಲ್ಲಿಟ್ಟಿ?"

ಅವು ನನ್ನ ಮಡಿಲಲ್ಲಿದ್ದವು.