ಬೂಟ್‌ತಾತನ ಸ್ಲೇಟು

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಪಿಂಚಣಿ ಕಾಗದದಲ್ಲಿ ಬಿಟ್ಟರೆ ಅದು ಬೇರೆಲ್ಲೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಮಕ್ಕಳೆಲ್ಲ ಬೂಟ್‌ತಾತ ಎಂದರು, ಮಕ್ಕಳ ಅಮ್ಮಂದಿರೂ ಅದನ್ನೇ ಹಿಡಿದರು. ಕೊನೆಗೆ ಸ್ವಂತ ಹೆಂಡತಿಯೂ ಫೋನೆತ್ತಿ "ಬೂಟ್‌ತಾತ ಊಟಕ್ಕೆ ಕೂತಿದ್ದಾರೆ, ಆಮೇಲೆ ಮಾಡಿ" ಎನ್ನುವ ಮಟ್ಟಕ್ಕೆ ಬಂದರು.

ಸಮನಿಲ್ಲದ ಕಾಲುಗಳಿಗೆ ಬೂಟು ಹೊಲಿಯುವುದು ತಾತನ ಕಸುಬು. ಒಂದು ಕಾಲು ಗಿಡ್ಡ ಇರುವ ಮಕ್ಕಳು, ಪಾದ ಒಳಕ್ಕೆ ತಿರುಗಿಕೊಂಡ ಮಕ್ಕಳು, ಹಿಮ್ಮಡಿ ನೆಲ ಮುಟ್ಟದ ಮಕ್ಕಳು, ಇವರಿಗೆಲ್ಲ ಅಂಗಡಿಯ ಬೂಟು ಯಾವ ಪ್ರಯೋಜನಕ್ಕೂ ಇಲ್ಲ. ತಾತ ಇಪ್ಪತ್ತಾರು ವರ್ಷ ದೊಡ್ಡಾಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಇದೇ ಕೆಲಸ ಮಾಡಿದ್ದರು. ಸೇರಿದ್ದು ಕಸ ಗುಡಿಸಲು. ಗುಡಿಸಿದ ಚರ್ಮದ ಚೂರುಗಳನ್ನು ಬೆರಳಲ್ಲೇ ಮುಟ್ಟಿ, ದಪ್ಪದ್ದು ಒಂದು ಕಡೆ, ತೆಳುವಿನದ್ದು ಒಂದು ಕಡೆ ಹಾಕುತ್ತಿದ್ದುದನ್ನು ಹಿರಿಯ ಕೆಲಸಗಾರರೊಬ್ಬರು ನೋಡಿ ಪೊರಕೆ ಕಿತ್ತುಕೊಂಡು ಉಳಿ ಕೊಟ್ಟರಂತೆ. ನಿವೃತ್ತಿಯಾದ ಮೇಲೆ ಮನೆಯ ಮುಂದಿನ ಕೋಣೆಯೇ ಕಾರ್ಖಾನೆಯಾಯಿತು. ಕಿಟಕಿಯ ಕೆಳಗೆ ಮಣೆ, ಗೋಡೆಯುದ್ದಕ್ಕೂ ಮರದ ಅಚ್ಚುಗಳು, ಮೂಲೆಯಲ್ಲಿ ಗಮ್ಮಿನ ಡಬ್ಬಿ. ಆ ವಾಸನೆ ಅಡುಗೆಮನೆವರೆಗೂ ಬರುತ್ತದೆಂದು ಹೆಂಡತಿ ದಿನಕ್ಕೆರಡು ಸಲ ಗೊಣಗುತ್ತಿದ್ದರು, ತಾತ ದಿನಕ್ಕೆರಡು ಸಲ ಹೂಂ ಎನ್ನುತ್ತಿದ್ದರು.

ತಾತನದು ಒಂದು ಪದ್ಧತಿ. ಎಂಥ ಪುಟ್ಟ ಮಗುವಾದರೂ ಬಹುವಚನವೇ. "ಬನ್ನಿ ಸಾಹೇಬರೇ, ಕೂತ್ಕೊಳ್ಳಿ, ಕಾಲಿಡಿ" ಎನ್ನುವುದು. ಈ ಮಕ್ಕಳನ್ನು ಕಂಡರೆ ಅಯ್ಯೋ ಪಾಪ ಎನ್ನುವವರು ಬೇಕಾದಷ್ಟು ಜನ, ನೀವು ಎನ್ನುವವರು ಯಾರೂ ಇಲ್ಲ ಎಂದು ಅವರ ಲೆಕ್ಕಾಚಾರ. ಹಾಗೆ ಕರೆಸಿಕೊಂಡ ಮಗು ನೆಟ್ಟಗೆ ಕೂರುತ್ತದೆ, ನೆಟ್ಟಗೆ ಕೂತರೆ ಅಳತೆ ಸರಿಯಾಗಿ ಸಿಗುತ್ತದೆ. ಇದರಿಂದಲೇ ಒಂದು ದಿನ ಎಡವಟ್ಟಾಗುತ್ತದೆ ಎಂದು ಯಾರು ಕಂಡಿದ್ದರು?

ಮೊದಲೆಲ್ಲ ಅಳತೆಗೆ ಕಾಗದ. ಪಾದ ಇಡಿಸಿ ಸುತ್ತ ಪೆನ್ಸಿಲ್ ಎಳೆದು ಟ್ರಂಕಿನಲ್ಲಿ ಜೋಡಿಸುವುದು. ಕಾಗದ ತಿನ್ನುವ ಬೆಳ್ಳಿಹುಳ ಒಬ್ಬ ಹುಡುಗನ ಹಿಮ್ಮಡಿಯನ್ನೇ ತಿಂದುಹಾಕಿದ ಮೇಲೆ ಮಗಳು ಒಂದು ಟ್ಯಾಬ್ ತಂದುಕೊಟ್ಟಳು. ಪಾದಗಳ ಫೋಟೋ ತೆಗೆದಿಟ್ಟುಕೊಳ್ಳಲಿ ಎಂದು ಆಕೆಯ ಆಸೆ. ತಾತ ಅದನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಸುತ್ತ ಮರದ ಚೌಕಟ್ಟು ಹೊಡೆದು, ಮಗುವಿಗೆ ದಪ್ಪ ಉಣ್ಣೆ ಕಾಲುಚೀಲ ಹಾಕಿಸಿ, ಅದರ ಗಾಜಿನ ಮೇಲೇ ಪಾದ ಇಡಿಸಿ ಅದರದೇ ಪೆನ್ನಿನಿಂದ ಸುತ್ತ ಗೆರೆ ಎಳೆಯತೊಡಗಿದರು. ಬರಿಗಾಲಿಟ್ಟರೆ ಅದು ಬೆರಳು ಸೋಕಿದೆಯೆಂದುಕೊಂಡು ಅಡ್ಡಾದಿಡ್ಡಿ ಗೀಚುತ್ತಿತ್ತು, ಅದಕ್ಕೇ ಕಾಲುಚೀಲ. ಮಗಳು ಹಣೆ ಚಚ್ಚಿಕೊಂಡಳು, ಆಮೇಲೆ ನಕ್ಕಳು. ತಾತ ಅದನ್ನು ಸ್ಲೇಟು ಎಂದೇ ಕರೆದರು. ನಾಲ್ಕು ವರ್ಷದಲ್ಲಿ ನೂರೆಂಬತ್ತು ಪಾದ ಅದರೊಳಗೆ ಸೇರಿದವು, ಟ್ರಂಕಿನ ಕಾಗದ ಒಲೆಗೆ ಹೋಯಿತು.

ಒಂದು ಸೋಮವಾರ ಒಬ್ಬ ಹುಡುಗನನ್ನು ಅವನಜ್ಜಿ ಕರೆದುಕೊಂಡು ಬಂದರು. ಅಜ್ಜಿ ಒಳ್ಳೇ ಮೈಕೈ ತುಂಬಿಕೊಂಡ ಹೆಂಗಸು. ತಾತ ಸ್ಲೇಟನ್ನು ನೆಲಕ್ಕಿಟ್ಟು, ಪೆನ್ನು ಹುಡುಕಲು ಅತ್ತ ತಿರುಗಿ, ವಾಡಿಕೆಯಂತೆ "ಹಾಂ, ಕಾಲಿಡಿ" ಎಂದರು. ಮರ್ಯಾದೆಯ ಮಾತು, ಕೋಣೆಯಲ್ಲಿರುವ ಹಿರಿಯಳು ತಾನೊಬ್ಬಳೇ. ಅಜ್ಜಿ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಎರಡೂ ಕಾಲಿಟ್ಟು ಗಾಜಿನ ಮೇಲೆ ನಿಂತೇಬಿಟ್ಟರು. ಡಾಕ್ಟರ ಬಳಿ ಇಂಥದೇ ಗಾಜಿನ ತೂಕದ ಯಂತ್ರ ನೋಡಿದ್ದರು, ಪಾಪ. ಲಟಕ್ಕೆಂದ ಸದ್ದಿಗೆ ತಾತ ತಿರುಗಿದರೆ ಅಜ್ಜಿ ನೇರ ಗೋಡೆ ನೋಡುತ್ತಾ, ಉಸಿರು ಬಿಗಿಹಿಡಿದು, "ಎಷ್ಟಿದೀನಿ?" ಎಂದು ಕೇಳಿದರು.

ನಿಜ ಗೊತ್ತಾದ ಮೇಲೆ ಆಕೆಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ತಪ್ಪು ತನ್ನ ನಾಲಗೆಯದು, ನೀವು ನೊಂದುಕೊಳ್ಳಬೇಡಿ ಎಂದು ತಾತ ಸಮಾಧಾನ ಹೇಳಿ, ಹುಡುಗನ ಪಾದವನ್ನು ಕ್ಯಾಲೆಂಡರಿನ ಹಿಂಬದಿಯ ಮೇಲೆ ಎಳೆದುಕೊಂಡು ಕಳಿಸಿದರು. ಆಮೇಲೆ ಸ್ಲೇಟನ್ನು ಬೆಳಕಿಗೆ ಹಿಡಿದು ನೋಡಿದರು. ಗಾಜು ಜೇಡರಬಲೆಯಾಗಿತ್ತು. ಕೆಳಗಿನ ಅರ್ಧ ಕಪ್ಪಗಾಗಿತ್ತು. ಯಾವ ಪಾದ ತೆಗೆದರೂ ಬೆರಳು ಕಾಣುತ್ತಿದ್ದವು, ಹಿಮ್ಮಡಿ ಇರಲಿಲ್ಲ. ಮಣೆಯ ಮೇಲೆ ಮುಂದಿನ ಕೆಲಸ ಗುಬ್ಬಿಯದು.

ಗುಬ್ಬಿ ಒಂದು ದಿನದ ಪ್ರಯಾಣದಷ್ಟು ದೂರದ ಊರಿನವಳು, ಏಳು ವರ್ಷ. ತಾಯಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವಾಕೆ. ಹುಡುಗಿಯ ಎಡಗಾಲು ಗಿಡ್ಡ, ಪಾದ ಒಳಬಾಗಿದೆ. ಇಲ್ಲಿಯವರೆಗೆ ಶಾಲೆಗೆ ಹೋಗಿದ್ದೆಲ್ಲ ಅಮ್ಮನ ಕಂಕುಳಲ್ಲಿ. ತಿಂಗಳ ಹಿಂದೆ ಬಂದು ಅಳತೆ ಕೊಟ್ಟು ಹೋಗಿದ್ದರು. ಹೊಸ ಶಾಲೆ ಶುರುವಾಗಲು ಇನ್ನು ಹನ್ನೆರಡು ದಿನ, ಅಷ್ಟರೊಳಗೆ ಬೂಟು ಪಾರ್ಸೆಲ್ ಆಗಬೇಕು. ಆ ಶಾಲೆಗೆ ತಾನೇ ನಡೆದುಕೊಂಡು ಹೋಗುವುದೆಂದು ಹುಡುಗಿ ಊರೆಲ್ಲ ಸಾರಿಕೊಂಡು ಬಂದಿದ್ದಳು, ತಾತನೂ ಆಗಲಿ ಎಂದು ಮಾತು ಕೊಟ್ಟಿದ್ದರು.

ಸಂಜೆ ರಿಪೇರಿ ಅಂಗಡಿಗೆ ಒಯ್ದರು. ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಒಳಗೆ ಭೂತಗನ್ನಡಿ ಕಣ್ಣಿಗೆ ಕಟ್ಟಿಕೊಂಡ ಹೆಂಗಸು, ಎದುರಿಗೆ ಬಿಚ್ಚಿದ ಫೋನುಗಳು. ಅವಳದು ಕಡ್ಡಿ ಮುರಿದಂಥ ಮಾತು. ಈ ಮಾದರಿಯ ಗಾಜು ಬರುವುದು ನಿಂತು ಎರಡು ವರ್ಷವಾಯಿತು, ಇಂಥದೇ ಇನ್ನೊಂದು ಸತ್ತಿದ್ದು ಸಿಕ್ಕಿದರೆ ಅದರಿಂದ ಕಿತ್ತು ಕೂಡಿಸಬೇಕು, ಕೂಡಿಸಿದರೂ ಬದುಕುತ್ತದೆಂಬ ಭರವಸೆ ಇಲ್ಲ, ಹೊಸದು ತಗೊಳ್ಳುವುದೇ ವಾಸಿ ಎಂದಳು. ಮಗಳೂ ಅದನ್ನೇ ಅಂದಳು, ಅಳಿಯನೂ ಫೋನಿನಲ್ಲಿ ಅದನ್ನೇ ಅಂದ. ಹೆಂಡತಿ ಮಾತ್ರ ಕಾಗದವೇ ಎಷ್ಟೋ ಮೇಲಿತ್ತು ಎಂದು ಮೂಗು ಮುರಿದರು.

ಮಗಳು ಸುಮ್ಮನೆ ಮಾತಾಡುವ ಪೈಕಿಯಲ್ಲ. ಮರುದಿನವೇ ಹೊಸ ಟ್ಯಾಬ್ ತಂದಳು, ಹಳೆಯದಕ್ಕೆ ತಂತಿ ಸಿಕ್ಕಿಸಿ ನೂರೆಂಬತ್ತು ಪಾದಗಳನ್ನೂ ಹೊಸದಕ್ಕೆ ಇಳಿಸಿದಳು. ಅಂಗಡಿಯವರು ಹಳೆಯದನ್ನು ಎಕ್ಸ್‌ಚೇಂಜಿಗೆ ತಗೊಳ್ಳುತ್ತಾರೆಂದು ಅದನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ತಾತನಿಗೆ ಖುಷಿಯೋ ಖುಷಿ. ಹೊಸದು ಅಗಲವಾಗಿ, ಥಳಥಳ ಹೊಳೆಯುತ್ತಿತ್ತು. ಗುಬ್ಬಿಯ ಪಾದ ತೆಗೆದು, ಮೇಲೆ ತೆಳುಕಾಗದ ಹಾಸಿ, ಗೆರೆಯ ಮೇಲೆ ಗೆರೆ ಎಳೆದುಕೊಂಡು, ಸಂಜೆಯೊಳಗೆ ಅಟ್ಟೆ ಕತ್ತರಿಸಿ ಮುಗಿಸಿದರು.

ಬುಧವಾರ ಬೆಳಿಗ್ಗೆ ಅಂಚು ಹೆರೆಯಲೆಂದು ಅಟ್ಟೆಯನ್ನು ಅಂಗೈ ಮೇಲಿಟ್ಟುಕೊಂಡರು. ಇಟ್ಟುಕೊಂಡವರು ಹಾಗೇ ಕೂತರು. ಅಳತೆಗೆ ಮುಂಚೆ ಪ್ರತಿ ಮಗುವಿನ ಪಾದವನ್ನೂ ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದು ಕೂರುವುದು ಅವರ ರೂಢಿ. ಗುಬ್ಬಿಯ ಹಿಮ್ಮಡಿ ಮಣಿಕಟ್ಟಿನ ಹತ್ತಿರ ಇಟ್ಟರೆ ಹೆಬ್ಬೆರಳು ತಾತನ ನಡುಬೆರಳಿನ ಎರಡನೇ ಗೆಣ್ಣಿಗೆ ಬಂದಿತ್ತು. ಈ ಅಟ್ಟೆ ಗೆಣ್ಣು ದಾಟಿ ಮುಂದೆ ಹೋಗಿತ್ತು. ತಿಂಗಳೊಪ್ಪತ್ತಿನಲ್ಲಿ ಅಷ್ಟು ಬೆಳೆಯುವ ಕಾಲು ಈ ಲೋಕದಲ್ಲಿ ಇಲ್ಲ.

ಕಪಾಟಿನಲ್ಲಿ ಇನ್ನೊಬ್ಬ ಹುಡುಗನ ಸಿದ್ಧವಾದ ಬೂಟು ಇತ್ತು. ಅವನ ಪಾದವನ್ನು ಹೊಸ ಟ್ಯಾಬಿನಲ್ಲಿ ತೆಗೆದು ಬೂಟನ್ನು ಮೇಲಿಟ್ಟರು. ಗೆರೆ ಬೂಟಿನ ಸುತ್ತ ಆಚೆಗೆ ಇಣುಕುತ್ತಿತ್ತು, ಉದ್ದದಲ್ಲಿ ಸ್ವಲ್ಪ, ಅಗಲದಲ್ಲಿ ಜಾಸ್ತಿ. ಹೊಸ ಗಾಜು ದೊಡ್ಡದು, ಅದಕ್ಕೆ ಹೊಂದುವಂತೆ ಎಲ್ಲ ಪಾದಗಳೂ ಹಿಗ್ಗಿ ಕೂತಿದ್ದವು. ಹಳೆಯ ಸ್ಲೇಟಿನ ಗಾಜಿನ ಮೇಲೆ ಮಾತ್ರ ಪಾದ ಪಾದದಷ್ಟೇ ಇತ್ತು.

ಹಿಂದೆ ಒಂದು ಸಲ, ಆಸ್ಪತ್ರೆಯ ಕಾಲದಲ್ಲಿ, ಅವರ ಕೈಯಿಂದ ಅರ್ಧ ಬೆರಳು ದೊಡ್ಡ ಬೂಟು ಹೋಗಿತ್ತು. ಒಳಗೆ ಪಾದ ಜಾರಿ ಜಾರಿ ಗಾಯವಾಗಿ, ಗಾಯ ಕೀವಾಗಿ, ಆ ಮಗು ಎರಡು ತಿಂಗಳು ಹಾಸಿಗೆ ಹಿಡಿಯಿತು. ಬೂಟು ಕಂಡರೆ ಕಿರುಚುತ್ತಿತ್ತು. ಅದರ ತಾಯಿ ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ತಾತನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಗಳಿಗೆ ಫೋನು ಮಾಡಿದರು. ಆಕೆ ಆಗಲೇ ಅಂಗಡಿಯ ಕೌಂಟರಿನಲ್ಲಿ ಹಳೆಯದನ್ನು ಕೊಟ್ಟು ಚೀಟಿ ಬರೆಸುತ್ತಿದ್ದಳು. ಕೊಡಬೇಡ, ಬಂದೆ ಎಂದಷ್ಟೇ ಹೇಳಿ, ಮೇಣ ಮೆತ್ತಿದ ಏಪ್ರನ್ನಿನಲ್ಲೇ ಬಸ್ಸು ಹತ್ತಿದರು. ಹೋಗುವಷ್ಟರಲ್ಲಿ ಸ್ಲೇಟು ಇತರ ಒಡೆದವುಗಳ ಜೊತೆ ಡಬ್ಬದಲ್ಲಿ ಬಿದ್ದಿತ್ತು, ಒಳಗಿರುವುದನ್ನು ಅಳಿಸುವ ಕೆಲಸ ಮಧ್ಯಾಹ್ನಕ್ಕಿತ್ತು. ತಾತ ಡಬ್ಬಕ್ಕೆ ಕೈ ಹಾಕಿ ತಾವೇ ಎತ್ತಿಕೊಂಡರು. ಕೌಂಟರಿನವಳು ಹಾಗೆಲ್ಲ ಮುಟ್ಟುವಂತಿಲ್ಲ ಎಂದಳು. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮಗಳಿಗೆ ಅವಮಾನವೂ ಆಯಿತು, ಬೇಜಾರೂ ಆಯಿತು. ಫುಟ್‌ಪಾತಿನಲ್ಲಿ ನಿಂತು ಕೇಳಿಯೇಬಿಟ್ಟಳು. "ಅಪ್ಪಾ, ನಾನು ಪ್ರೀತಿಯಿಂದ ತಂದ ಹೊಸದು ನಿಮಗೆ ಬೇಡ. ಈ ಒಡಕಲಿಗೆ ಇಷ್ಟೊಂದು ಗೋಳಾಡ್ತೀರಲ್ಲ, ಯಾಕೆ?"

"ಗಾಜು ಹೊಸದಾದ್ರೆ ಆಗ್ಲಿ ಕಣಮ್ಮ. ಕಾಲು ಹೊಸದಾಗಬಾರ್ದು," ಎಂದರು ತಾತ. ಆಮೇಲೆ ಅಟ್ಟೆಯನ್ನು ಏಪ್ರನ್ನಿನ ಜೇಬಿನಿಂದ ತೆಗೆದು ಅಂಗೈ ಮೇಲಿಟ್ಟು ತೋರಿಸಿದರು.

ಮಗಳು ಮೊದಲು ಎರಡು ಬೆರಳಲ್ಲಿ ಚಿತ್ರ ಚಿಕ್ಕದು ಮಾಡಿದರಾಯಿತು ಎಂದಳು. ಎಷ್ಟು ಚಿಕ್ಕದು ಎಂದು ತಾತ ಕೇಳಿದರು. ಉದ್ದ ತನ್ನ ಕೈಗೆ ಗೊತ್ತು, ಆದರೆ ಅಗಲ ಬೇರೆ ಲೆಕ್ಕದಲ್ಲಿ ಹಿಗ್ಗಿದೆ, ಒಳಬಾಗಿದ ಅಂಚಿನ ತಿರುವು ಕೈಗೆ ಗೊತ್ತಿಲ್ಲ, ಅಂದಾಜಿನಲ್ಲಿ ಹೊಲಿಯುವುದಾದರೆ ಅಂಗಡಿಯ ಬೂಟೇ ಸಾಕಲ್ಲ ಎಂದರು. ಮಗಳು ಅಲ್ಲಿಂದಲೇ ಗುಬ್ಬಿಯ ತಾಯಿಗೆ ಫೋನು ಮಾಡಿ ಟೇಪು ಹಿಡಿದು ಅಳೆಯಲು ಹೇಳಿದಳು. ಮತ್ತೆ ಬರಲು ಆ ತಾಯಿಗೆ ಲಾಂಡ್ರಿಯಲ್ಲಿ ರಜೆ ಇರಲಿಲ್ಲ, ಮೂರು ಸಲ ಅಳೆದು ಮೂರು ಅಳತೆ ಹೇಳಿದಳು. ತಿರುಗಿದ ಪಾದವನ್ನು ಹೇಗೆ ಹಿಡಿದರೆ ನೇರ ಎಂಬುದು ಆಕೆಗೆ ಹೇಗೆ ಗೊತ್ತಾಗಬೇಕು? ಮಗಳು ಹೊಸದನ್ನು ತಾನೇ ಇಟ್ಟುಕೊಳ್ಳುತ್ತೇನೆಂದಳು, ಅಪ್ಪನ ಜೊತೆ ನಡೆದು ಮೆಟ್ಟಿಲ ಕೆಳಗಿನ ಗೂಡಿಗೆ ಬಂದಳು.

ರಿಪೇರಿಯವಳು ಕತೆ ಪೂರ್ತಿ ಕೇಳಿದಳು. ಭೂತಗನ್ನಡಿ ಹಣೆಗೇರಿಸಿ, ಪ್ರತಿ ಪಾದದ ಪಕ್ಕ ಒಂದು ಅಡಿಪಟ್ಟಿ ಇಟ್ಟು ಗೆರೆ ಎಳೆದಿದ್ದರೆ ಯಾವ ಗಾಜಾದರೂ ಆಗುತ್ತಿತ್ತಲ್ಲ ತಾತ ಎಂದಳು. ನಲವತ್ತು ವರ್ಷ ಅಳತೆಯಲ್ಲೇ ಬದುಕಿದವರಿಗೆ ಆ ಮಾತು ಚುರುಕ್ಕೆಂದಿತು. ಅಷ್ಟು ಬುದ್ಧಿ ತನಗಿರಲಿಲ್ಲ ಎಂದು ಒಪ್ಪಿಕೊಂಡರು. ಅವಳು ಮತ್ತೆ ಹೊಸದರ ಮಾತೆತ್ತಲಿಲ್ಲ. ತನಗೆ ಪರಿಚಯದ ಗುಜರಿಗಳಿಗೆಲ್ಲ ಫೋನು ಹಚ್ಚಿದಳು.

ನಾಲ್ಕು ದಿನ ತಾತ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ಅಚ್ಚುಗಳನ್ನು ಒರೆಸಿದರು, ಒರೆಸಿದ್ದನ್ನೇ ಒರೆಸಿದರು. ಊಟದ ಮುಂದೆ ಕೂತು ಅನ್ನ ಕಲಸುತ್ತಲೇ ಇರುತ್ತಿದ್ದರು. ಗಂಡ ಹೀಗೆ ಕೂತಿದ್ದನ್ನು ಹೆಂಡತಿ ಆ ಹಳೆಯ ಗಾಯದ ಕಾಲದಲ್ಲಿ ನೋಡಿದ್ದರು, ಹಾಗಾಗಿ ಗಮ್ಮಿನ ವಾಸನೆಯ ಸುದ್ದಿಯನ್ನೂ ಎತ್ತಲಿಲ್ಲ. ಐದನೆಯ ದಿನ, ಸೋಮವಾರ ಮಧ್ಯಾಹ್ನ, ರಿಪೇರಿಯವಳೇ ಮನೆಗೆ ಬಂದಳು. ಎಲ್ಲೋ ನೀರಿಗೆ ಬಿದ್ದು ಸತ್ತ ಅದೇ ಮಾದರಿಯದೊಂದು ಸಿಕ್ಕಿತ್ತು, ಅದರ ಗಾಜು ಇದಕ್ಕೆ ಕೂತಿತ್ತು. ಒಂದು ಮೂಲೆಯಲ್ಲಿ ಸಣ್ಣ ಕಲೆ ಉಳಿದಿದೆ, ಎಷ್ಟು ದಿನ ನಡೆಯುತ್ತದೋ ತನ್ನನ್ನು ಕೇಳಬೇಡಿ ಎಂದಳು.

ತಾತ ಗುಬ್ಬಿಯ ಪಾದ ತೆಗೆದು, ಅದರ ಮೇಲೆ ತಮ್ಮ ಅಂಗೈಯನ್ನೇ ಉದ್ದಕ್ಕೆ ಹಿಡಿದು ನೋಡಿದರು. ಹೆಬ್ಬೆರಳು ಎರಡನೇ ಗೆಣ್ಣಿಗೆ ಬಂತು. ಕಣ್ಣಲ್ಲಿ ನೀರು ತುಂಬಿತು. ಅದನ್ನು ಒರೆಸಿಕೊಳ್ಳದೆಯೇ ತೆಳುಕಾಗದ ಹಾಸಿ ಗೆರೆ ಎಳೆದುಕೊಂಡರು, ಪಕ್ಕದಲ್ಲಿ ಅಡಿಪಟ್ಟಿಯನ್ನೂ ಇಟ್ಟುಕೊಂಡರು. ದೊಡ್ಡ ಅಟ್ಟೆಯನ್ನು ಕತ್ತರಿಸಿ ಕಸಕ್ಕೆ ಹಾಕಿದರು. ಎರಡೂವರೆ ದಿನ ಮಣೆ ಬಿಟ್ಟು ಏಳಲಿಲ್ಲ. ದಬ್ಬಳ ಚುಚ್ಚಿ, ಮೇಣದ ದಾರ ಎಳೆದು, ಎಡಗಾಲಿನ ಅಟ್ಟೆಗೆ ಪದರದ ಮೇಲೆ ಪದರ ಅಂಟಿಸಿ ಎತ್ತರ ಕೊಟ್ಟು, ಎರಡೂ ಬೂಟು ಹೊರಗಿನಿಂದ ಒಂದೇ ಥರ ಕಾಣುವಂತೆ ಮುಗಿಸಿದರು. ಗುರುವಾರ ಪಾರ್ಸೆಲ್ ಹೋಯಿತು. ಶನಿವಾರ ಶಾಲೆ ಶುರು, ಪಾರ್ಸೆಲ್ ತಲುಪಿತೋ ಇಲ್ಲವೋ ಗೊತ್ತಿಲ್ಲ.

ಶನಿವಾರ ಹತ್ತು ಗಂಟೆಗೆ ಫೋನು ಬಂತು. ತಾತ ಎರಡೂ ಕೈಯಲ್ಲಿ ಹಿಡಿದು ಕಿವಿಗೊತ್ತಿಕೊಂಡರು. ಆ ಕಡೆ ಗುಬ್ಬಿಯ ತಾಯಿ ಹಲೋ ಎಂದಳು, ಅಷ್ಟೇ. ಆಮೇಲೆ ತಾತನ ಜೊತೆ ಮಾತಾಡುವುದನ್ನೇ ಮರೆತು ಬೇರೆ ಯಾರ ಮೇಲೋ ಜೋರಾಗಿ ಕೂಗುತ್ತಿದ್ದಳು. ತಾತ ತುಂಬ ಹೊತ್ತು ಕೇಳಿಸಿಕೊಂಡು, ಫೋನು ಕೆಳಗಿಟ್ಟರು. ಹೆಂಡತಿ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿ ಬಂದು ಏನಂತೆ ಎಂದು ಕೇಳಿದರು.

"ಅಮ್ಮನ ಹತ್ರ ಬೈಸ್ಕೊಳ್ತಾ ಇದ್ದಾಳೆ," ಎಂದರು ತಾತ.

"ಅಯ್ಯೋ, ಯಾಕಂತೆ?"

"ಓಡಿದ್ದಕ್ಕೆ."