ಬಿಪಿ ನೋಡಿದವರು ಯಾರು?

ಗೆಳೆಯರೇ, ಇವತ್ತು ನನ್ನ ಸಿಟ್ಟನ್ನು ಕುರಿ ಕಾಯುವ ಅಜ್ಜನೊಬ್ಬ ಇಳಿಸಿದ.

ನಾನು ಹೊಸದುರ್ಗದ ಕಡೆ ಸಣ್ಣ ಆಸ್ಪತ್ರೆಯೊಂದರಲ್ಲಿ ನರ್ಸ್. ಎಲ್ಲ ಆಸ್ಪತ್ರೆಗಳೂ ಒಂದೇ ರೀತಿ ದಾಖಲಿಸಬೇಕಂತ ಕಂಪ್ಯೂಟರಿಗೆ ಹೊಸ ಫಾರಂ ಬಂದಿದೆ. ನನ್ನ ಸಿಟ್ಟೆಲ್ಲ ಅದರ ಮೇಲೆ. ಮೊದಲು ಬಿಪಿ ಎಂದರೆ ಎರಡು ಅಂಕಿ, ಮುಗಿಯಿತು. ಈಗ ಯಾವ ತೋಳು, ಕುಳಿತಿದ್ದರೋ ಮಲಗಿದ್ದರೋ, ಅದಕ್ಕೆ ಮುಂಚೆ ಏನು ಮಾಡುತ್ತಿದ್ದರು ಎಂದೆಲ್ಲ ಕೇಳುತ್ತದೆ. ಹೊರಗೆ ಸಾಲು ಬೆಳೆದಿತ್ತು. ಅವನ್ನೆಲ್ಲ ಖಾಲಿ ಬಿಟ್ಟು ಅಜ್ಜನ ಅಂಕಿ ಮಾತ್ರ ತುಂಬಿದೆ: 180, 100.

"ಬಿಪಿ ಭಾಳ ಐತೆ ಅಜ್ಜ. ಡಾಕ್ಟ್ರು ಮಾತ್ರೆ ಜಾಸ್ತಿ ಮಾಡ್ತಾರೆ."

"ತಡೀರಮ್ಮ. ಬಸ್ಸಿಳಿದು ಚೀಟಿ ಕೊಡಾದು ಮುಗೀತೈತೆ ಅಂತ ಓಡ್ಕಂಡು ಬಂದೀನಿ. ಕುರಿಗೆ ಜ್ವರ ಐತಾ ಅಂತ ನಾವು ಕಿವಿ ಹಿಡಿದು ನೋಡ್ತೀವಿ. ಓಡಿಬಂದ ಕುರಿನ ಮುಟ್ಟಾದಿಲ್ಲ. ನೆಳ್ಳಾಗೆ ನಿಲ್ಲಿಸಿ, ಉಸಿರು ಇಳಿದ ಮ್ಯಾಲೆ ನೋಡ್ತೀವಿ. ಅದೂ ಬಿಸಿಲಿಗಿದ್ದ ಕಿವಿ ಬಿಟ್ಟು ಇನ್ನೊಂದು ಕಿವಿ."

ನಾನು ಪರದೆಯಲ್ಲಿ ಖಾಲಿ ಬಿಟ್ಟಿದ್ದ ಪ್ರಶ್ನೆಗಳನ್ನು ಮತ್ತೆ ಓದಿದೆ. ಇಡೀ ಫಾರಂ ಅಜ್ಜನ ಬಾಯಲ್ಲಿತ್ತು.

ಅಜ್ಜನನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೆ ನೋಡಿದೆ. 138, 86. ಹಳೆಯ ಮಾತ್ರೆಯೇ ಸಾಕು ಎಂದರು ಡಾಕ್ಟರು.

ಈ ಸಲ ಒಂದು ಜಾಗವನ್ನೂ ಖಾಲಿ ಬಿಡಲಿಲ್ಲ. ಕೊನೆಯ ಪ್ರಶ್ನೆ: ನೋಡಿದವರು ಯಾರು? ಅಜ್ಜನ ಹೆಸರು ಹಾಕಿದೆ. ಸಿಬ್ಬಂದಿ ಪಟ್ಟಿಯಲ್ಲಿ ಇಲ್ಲವೆಂದು ಕಂಪ್ಯೂಟರ್ ಒಪ್ಪಲಿಲ್ಲ. ನನ್ನ ಹೆಸರು ಹಾಕಿದೆ. ತಕ್ಷಣ ಒಪ್ಪಿಕೊಂಡಿತು. ಪಾಪ, ಅದಕ್ಕೇನು ಗೊತ್ತು.